ಹಕ್ಕಿಗೂ ಮೊದಲು ಮಣ್ಣು: ಕ್ರೂಗರ್‌ ಕಾಡಿನಲ್ಲಿ ಹಕ್ಕಿ ನೋಡುವ ಬಗೆ

ದಕ್ಷಿಣ ಆಫ್ರಿಕಾದ ಕ್ರೂಗರ್ ರಾಷ್ಟ್ರೀಯ ಉದ್ಯಾನದ ನಡುಭಾಗದಲ್ಲಿ ಸತಾರಾ ಎಂಬ ಬಿಡಾರವಿದೆ. ಬೆಳಗಿನ ಜಾವ ಅಲ್ಲಿಂದ ಹೊರಟು ಹತ್ತು ನಿಮಿಷ ಆಗಿರಲಿಲ್ಲ, ಕಾರಿನ ಕಿಟಕಿಯಿಂದ ಕೆಳಗೆ ನೋಡಿದವನು "ನಿಲ್ಲಿಸೋ, ನಿಲ್ಲಿಸೋ" ಎಂದೆ. ಜೋಹಾನ್ಸ್‌ಬರ್ಗ್‌ನಲ್ಲಿ ಕೆಲಸ ಮಾಡುವ ನನ್ನ ಗದಗಿನ ಗೆಳೆಯ ಗಕ್ಕನೆ ಬ್ರೇಕ್ ಹಾಕಿ, "ಎಲ್ಲೈತೋ ಸಿಂಹ?" ಅಂದ. "ಸಿಂಹ ಅಲ್ಲೋ, ಮಣ್ಣು ನೋಡು. ಎರಿ ಐತಿ!"

ಹೌದು, ರಸ್ತೆಯ ಪಕ್ಕದಲ್ಲಿ ಅಂಗೈ ತೂರುವಷ್ಟು ಬಿರುಕು ಬಿಟ್ಟ ಕಪ್ಪು ಮಣ್ಣು. ನವಲಗುಂದದ ಬೇಸಿಗೆಯ ಹೊಲದ ಹಾಗೇ. ಮರಗಳು ಅಲ್ಲೊಂದು ಇಲ್ಲೊಂದು, ಮಿಕ್ಕದ್ದೆಲ್ಲ ಮೊಣಕಾಲೆತ್ತರದ ಹುಲ್ಲು. ಹಾಗಾದರೆ ಇಲ್ಲಿ ನಮ್ಮ ಎರೆಭೂತ ಹಕ್ಕಿಯ (ಗ್ರೇಟ್ ಇಂಡಿಯನ್ ಬಸ್ಟರ್ಡ್) ನೆಂಟರು ಯಾರಾದರೂ ಇರಲೇಬೇಕು ಅಂದುಕೊಂಡು ಕಾಯುತ್ತಾ ಕುಳಿತೆವು. ಕಾಲು ಗಂಟೆಯಲ್ಲಿ ಹುಲ್ಲಿನಿಂದ ಬೂದುಬಣ್ಣದ ಉದ್ದ ಕತ್ತೊಂದು ಮೇಲೆದ್ದಿತು. ಕೋರಿ ಬಸ್ಟರ್ಡ್. ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಸುತ್ತ ಈಗ ಬೆರಳೆಣಿಕೆಯಲ್ಲಿ ಉಳಿದಿರುವ ಎರೆಭೂತದ ಆಫ್ರಿಕಾದ ದಾಯಾದಿ.

ಈಚೆಗೆ ಬೆಂಗಳೂರಿನಿಂದ ಕ್ರೂಗರ್‌ಗೆ ಹೋಗಿಬರುವವರು ಹೆಚ್ಚಾಗಿದ್ದಾರೆ. ದಸರೆ ರಜೆ, ಡಿಸೆಂಬರ್ ರಜೆ ಬರುತ್ತಿದ್ದಂತೆ "ಅಲ್ಲಿ ಯಾವ ಹಕ್ಕಿ ಸಿಗುತ್ತವೆ, ಒಂದು ಪಟ್ಟಿ ಕೊಡಿ" ಎನ್ನುವವರೂ ಹೆಚ್ಚಾಗಿದ್ದಾರೆ. ಪಟ್ಟಿ ಕೊಡುವುದು ಸುಲಭ, ಉಪಯೋಗ ಮಾತ್ರ ಕಡಿಮೆ. ಕ್ರೂಗರ್‌ನಲ್ಲಿ 500ಕ್ಕೂ ಹೆಚ್ಚು ಬಗೆಯ ಹಕ್ಕಿಗಳಿವೆ. ಅವು ಎಲ್ಲ ಕಡೆ ಸಮನಾಗಿ ಹರಡಿಕೊಂಡಿಲ್ಲ. ಯಾವುದು ಎಲ್ಲಿ, ಏಕೆ ಅಲ್ಲಿ ಎಂಬುದು ತಿಳಿದರೆ ಪಟ್ಟಿ ತಾನಾಗಿ ಬೆಳೆಯುತ್ತದೆ. ಆ "ಏಕೆ" ಶುರುವಾಗುವುದು ಹಕ್ಕಿಯಿಂದಲ್ಲ, ನೆಲದಿಂದ.

ಎಷ್ಟು ದೊಡ್ಡದು?

ಕ್ರೂಗರ್ ಇರುವುದು ದಕ್ಷಿಣ ಆಫ್ರಿಕಾದ ಈಶಾನ್ಯ ಮೂಲೆಯಲ್ಲಿ. ಪೂರ್ವಕ್ಕೆ ಮೊಜಾಂಬಿಕ್, ಉತ್ತರಕ್ಕೆ ಲಿಂಪೊಪೊ ನದಿ, ಅದರಾಚೆ ಜಿಂಬಾಬ್ವೆ. 1898ರಲ್ಲಿ ಸಾಬಿ ಎಂಬ ಚಿಕ್ಕ ರಕ್ಷಿತ ಪ್ರದೇಶವಾಗಿ ಶುರುವಾದದ್ದು 1926ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಈಗ 19,000 ಚದರ ಕಿಲೋಮೀಟರಿಗೂ ಮೇಲ್ಪಟ್ಟ ವಿಸ್ತೀರ್ಣ. ಇಡೀ ಬೆಳಗಾವಿ ಜಿಲ್ಲೆಗಿಂತ ದೊಡ್ಡದು. ಬಂಡೀಪುರದಂಥವು ಇಪ್ಪತ್ತೆರಡು ಹಿಡಿಸುತ್ತವೆ. ಆಕಾರ ಮಾತ್ರ ಉದ್ದನೆಯ ಪಟ್ಟಿಯಂತೆ: ಅಗಲ ಸರಾಸರಿ 65 ಕಿ.ಮೀ., ಉದ್ದ ಸುಮಾರು 360 ಕಿ.ಮೀ. ಅಂದರೆ ಹೆಚ್ಚುಕಡಿಮೆ ಬೆಂಗಳೂರಿನಿಂದ ಮಂಗಳೂರಿನಷ್ಟು.

ಈ ಉದ್ದಕ್ಕೆ ಒಂದು ಪರಿಣಾಮವಿದೆ. ತೆಂಕಣ ತುದಿಯ ಪ್ರಿಟೋರಿಯಸ್‌ಕಾಪ್ ಸುತ್ತ ವರ್ಷಕ್ಕೆ 700 ಮಿಲಿಮೀಟರಿಗೂ ಹೆಚ್ಚು ಮಳೆ, ಬಡಗಣ ತುದಿಯ ಪಾಫುರಿಯಲ್ಲಿ ಅದರ ಮುಕ್ಕಾಲೂ ಇಲ್ಲ. ಮಕರ ಸಂಕ್ರಾಂತಿ ವೃತ್ತ ಉದ್ಯಾನದ ಉತ್ತರ ಭಾಗವನ್ನು ಅಡ್ಡಹಾಯುತ್ತದೆ. ಹಾಗಾಗಿ ದಕ್ಷಿಣದಲ್ಲಿ ನೋಡಿದ್ದನ್ನೇ ಉತ್ತರದಲ್ಲೂ ನೋಡುತ್ತೇವೆ ಎನ್ನುವಂತಿಲ್ಲ. ಮೂರು ದಿನದ ಪ್ರವಾಸದಲ್ಲಿ ಇಡೀ ಉದ್ಯಾನ ಮುಗಿಸುತ್ತೇವೆ ಎಂದು ಹೊರಟವರು ರಸ್ತೆಯನ್ನಷ್ಟೇ ನೋಡಿ ಬರುತ್ತಾರೆ.

ಎರಿ ಮತ್ತು ಮಸಾರಿ

ಮೊದಲು "ನೆಲೆ" ಎಂಬ ಮಾತನ್ನು ಬಿಡಿಸಿಕೊಳ್ಳೋಣ. ಜೀವಶಾಸ್ತ್ರದ ಪುಸ್ತಕಗಳು ಆವಾಸಸ್ಥಾನ ಎನ್ನುತ್ತವೆ. ಬಾಡಿಗೆ ಮನೆ ಹುಡುಕುವಾಗ ನಾವು ಏನೇನು ಕೇಳುತ್ತೇವೆ? ನೀರು ಬರುತ್ತದೆಯೇ, ಅಂಗಡಿ ಹತ್ತಿರವೇ, ಮಕ್ಕಳಿಗೆ ಭಯವಿಲ್ಲವಷ್ಟೇ? ಹಕ್ಕಿಯೂ ಇದನ್ನೇ ನೋಡುತ್ತದೆ. ಊಟ, ನೀರು, ಗೂಡಿಗೆ ಜಾಗ, ಕಣ್ತಪ್ಪಿಸಲು ಮರೆ. ಈ ನಾಲ್ಕೂ ತನಗೆ ಒಗ್ಗುವಂತೆ ಕೂಡಿಬಂದ ಜಾಗ ಅದರ ನೆಲೆ. ಒಂದು ಹಕ್ಕಿಗೆ ಬಯಲು ಬೇಕು, ಇನ್ನೊಂದಕ್ಕೆ ಪೊಟರೆ ಇರುವ ಮುದಿ ಮರ ಬೇಕು.

ಮರ ಯಾವುದು, ಎಷ್ಟು ದಟ್ಟ ಎಂಬುದನ್ನು ತೀರ್ಮಾನಿಸುವುದು ಮಣ್ಣು. ಮಣ್ಣನ್ನು ತೀರ್ಮಾನಿಸುವುದು ಕೆಳಗಿನ ಕಲ್ಲು. ಕ್ರೂಗರ್‌ನಲ್ಲಿ ಈ ಲೆಕ್ಕ ಕಣ್ಣಿಗೆ ಕಾಣುವಷ್ಟು ಸ್ಪಷ್ಟ. ಉದ್ಯಾನವನ್ನು ಉದ್ದಕ್ಕೆ ಸೀಳಿದರೆ ಪಶ್ಚಿಮದ ಹೋಳಿನಡಿ ಇರುವುದು ಬಹುಪಾಲು ಗ್ರಾನೈಟ್ ಮತ್ತು ಅದನ್ನು ಹೋಲುವ ನೈಸ್ ಎಂಬ ಕಲ್ಲು, ಪೂರ್ವದ ಹೋಳಿನಡಿ ಬಸಾಲ್ಟ್. ಗ್ರಾನೈಟ್ ಸವೆದರೆ ಮರಳು ಬೆರೆತ ಹಗುರ ಮಣ್ಣಾಗುತ್ತದೆ; ನೀರು ನಿಲ್ಲುವುದಿಲ್ಲ, ಸಾರವೂ ನೀರಿನ ಜೊತೆ ಇಳಿದುಹೋಗುತ್ತದೆ. ಬಸಾಲ್ಟ್ ಎಂದರೆ ಹಿಂದೆಂದೋ ಹರಿದು ಹೆಪ್ಪುಗಟ್ಟಿದ ಲಾವಾ. ಅದು ಸವೆದರೆ ಜಿಗುಟಾದ, ಸಾರವುಳ್ಳ ಕಪ್ಪು ಮಣ್ಣು.

ಉತ್ತರ ಕರ್ನಾಟಕದ ಯಾವ ರೈತರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಮ್ಮ ಎರಿ ಹೊಲ, ಮಸಾರಿ ಹೊಲ ಎಂಬ ಭೇದವೇ ಇದು. ಬೀದರ್, ವಿಜಯಪುರ, ಬೆಳಗಾವಿಯ ಕಡೆ ದಖ್ಖನ್ನಿನ ಲಾವಾ ಸವೆದು ಎರಿಯಾಯಿತು. ಹಳೆ ಮೈಸೂರಿನ ಗ್ರಾನೈಟ್, ನೈಸ್ ಸವೆದು ಕೆಂಪು ಮಣ್ಣಾಯಿತು. ವಯಸ್ಸು ಮಾತ್ರ ಬೇರೆ: ದಖ್ಖನ್ ಲಾವಾ ಹರಿದದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ, ಕ್ರೂಗರ್‌ನದು ಸುಮಾರು 18 ಕೋಟಿ ವರ್ಷಗಳ ಹಿಂದೆ. ಆ ಹಳೆಯ ಲಾವಾ ಹರಿದಾಗ ಭಾರತ ಮತ್ತು ಆಫ್ರಿಕಾ ಗೊಂಡ್ವಾನ ಎಂಬ ಒಂದೇ ಭೂಖಂಡದ ಭಾಗಗಳಾಗಿದ್ದವು. ನಮ್ಮ ಭಾಷೆಯಲ್ಲಿ ಎರೆಭೂತ ಎಂಬ ಹೆಸರೇ ಇದೆಯಲ್ಲ, ಎರೆಯಲ್ಲಿ ಓಡಾಡುವ ಭೂತ. ಹಕ್ಕಿಯನ್ನು ಅದರ ಮಣ್ಣಿನಿಂದಲೇ ಕರೆದ ಹೆಸರು. ಕ್ರೂಗರ್‌ಗೆ ಬೇಕಾದ ಅರ್ಧ ಪಾಠ ಆ ಹೆಸರಿನಲ್ಲೇ ಇದೆ.

ಒಂದು ತಕರಾರು ಬರಬಹುದು: ಸಾರವಿರುವ ಮಣ್ಣಿನಲ್ಲಿ ಮರ ಹೆಚ್ಚು ಬೆಳೆಯಬೇಕಲ್ಲವೇ, ಬಯಲೇಕೆ? ಎರಿ ಮಣ್ಣು ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಸೀಳುತ್ತದೆ. ಎಳೆಯ ಬೇರುಗಳಿಗೆ ಈ ಎಳೆದಾಟ ಕಷ್ಟ. ಜೊತೆಗೆ ಸಾರವಿದ್ದಲ್ಲಿ ಹುಲ್ಲು ಹುಲುಸು, ಹುಲ್ಲು ಹುಲುಸಾಗಿದ್ದರೆ ಬೆಂಕಿಯೂ ಜೋರು, ಬೆಂಕಿಗೆ ಗಿಡಗಳು ಏಳುವುದಿಲ್ಲ. ಮಿಕ್ಕದ್ದನ್ನು ಆನೆಗಳು ನೋಡಿಕೊಳ್ಳುತ್ತವೆ.

ಎರಿ ಬಯಲಿನ ದೊಡ್ಡವರು

ಬಯಲಿನಲ್ಲಿ ಬದುಕುವ ಹಕ್ಕಿಗೆ ಅಡಗಲು ಮರವಿಲ್ಲ. ದೂರ ನೋಡಲು ಎತ್ತರ ಬೇಕು, ಓಡಲು ಕಾಲು ಬೇಕು. ಆದ್ದರಿಂದ ಸತಾರಾದ ಸುತ್ತಲ ಬಯಲಿನಲ್ಲಿ ಕಾಣುವವರೆಲ್ಲ ಉದ್ದ ಕಾಲಿನವರೇ. ಉಷ್ಟ್ರಪಕ್ಷಿ ಸರಿ, ಎಲ್ಲರಿಗೂ ಗೊತ್ತು. ಕೋರಿ ಬಸ್ಟರ್ಡ್ ಗಂಡು 18 ಕಿಲೋವರೆಗೂ ತೂಗಬಹುದು; ಹಾರಬಲ್ಲ ಹಕ್ಕಿಗಳಲ್ಲಿ ಇಷ್ಟು ಭಾರದವು ಇಡೀ ಜಗತ್ತಿನಲ್ಲೇ ಅಪರೂಪ. ಅದು ಹಾರುವುದು ತೀರಾ ಅನಿವಾರ್ಯವಾದಾಗ ಮಾತ್ರ. ನಾವು ಅರ್ಧ ಗಂಟೆ ನೋಡಿದಾಗಲೂ ಮದುವೆ ಮನೆಯ ಹಿರಿಯರ ಹಾಗೆ ಹೆಜ್ಜೆ ಎಣಿಸುತ್ತಾ ನಡೆಯಿತೇ ಹೊರತು ರೆಕ್ಕೆ ಬಿಚ್ಚಲಿಲ್ಲ. ನಡೆಯುವಾಗ ಹುಲ್ಲಿನಿಂದ ಮಿಡತೆಗಳು ಏಳುತ್ತವೆ. ಅದನ್ನು ತಿಳಿದ ಕಡುಗೆಂಪು ಕಳ್ಳಿಪೀರ ಹಕ್ಕಿಗಳು ಕೆಲವೊಮ್ಮೆ ಇದರ ಬೆನ್ನೇರಿ ಕೂರುತ್ತವೆ. ಮಿಡತೆ ಎದ್ದಾಗ ಹಾರಿ ಹಿಡಿದು ಮತ್ತೆ ಬೆನ್ನಿಗೇ ಬರುತ್ತವೆ. ಉಳುವಾಗ ನೇಗಿಲ ಹಿಂದೆ ಬೆಳ್ಳಕ್ಕಿ ಬರುವ ಲೆಕ್ಕವೇ.

ಇನ್ನೊಬ್ಬರು ಸೆಕ್ರೆಟರಿ ಬರ್ಡ್. ಮೈ ಹದ್ದಿನದು, ಕಾಲು ಕೊಕ್ಕರೆಯದು, ತಲೆಯ ಹಿಂದೆ ಕಿವಿಗೆ ಸಿಕ್ಕಿಸಿಕೊಂಡ ಲೇಖನಿಗಳಂತೆ ಪುಕ್ಕಗಳು. ಹಾವು ಕಂಡರೆ ಕೊಕ್ಕು ಹಾಕುವುದಿಲ್ಲ, ಒದೆಯುತ್ತದೆ. ಆ ಒದೆತದ ಬಲ ತನ್ನ ಮೈತೂಕದ ಸುಮಾರು ಐದು ಪಟ್ಟು ಎಂದು ವಿಜ್ಞಾನಿಗಳು ಅಳೆದಿದ್ದಾರೆ, ಕಾಲು ಬೇಟೆಗೆ ತಾಗುವ ಹೊತ್ತು ಒಂದು ಸೆಕೆಂಡಿನ ಅರವತ್ತನೇ ಒಂದು ಪಾಲಿನಷ್ಟು. ಹಾವಿಗೆ ತಿರುಗಿ ಕಚ್ಚಲು ಸಮಯವೇ ಇಲ್ಲ.

ಅಂದಹಾಗೆ, ಸತಾರಾ ಎಂಬ ಹೆಸರಿನ ಬಗ್ಗೆ ಅಲ್ಲೊಂದು ಕತೆ ಹೇಳುತ್ತಾರೆ. ಭೂಮಿ ಅಳೆಯಲು ಬಂದಿದ್ದ ಅಧಿಕಾರಿಯ ಭಾರತೀಯ ಸಹಾಯಕ ಹದಿನೇಳನೇ ನಂಬರಿನ ಜಾಗಕ್ಕೆ ಹಿಂದಿಯ "ಸತ್ರಹ್" ಎಂದು ಬರೆಸಿದನಂತೆ, ಅದೇ ಸತಾರಾ ಆಯಿತಂತೆ.

ಮಸಾರಿಯ ಕುರುಚಲು ಕಾಡು

ಪಶ್ಚಿಮದ ಗ್ರಾನೈಟ್ ಕಡೆಗೆ ಬಂದರೆ ನೆಲ ಅಲೆಯಲೆಯಾಗಿ ಏರಿಳಿಯುತ್ತದೆ. ಸಾರವೆಲ್ಲ ದಿಬ್ಬದಿಂದ ತಗ್ಗಿಗೆ ಇಳಿದಿರುತ್ತದೆ. ದಿಬ್ಬದ ಮೇಲೆ ಅಗಲ ಎಲೆಯ ಮರಗಳು, ತಗ್ಗಿನ ಜೇಡಿಯಲ್ಲಿ ಜಾಲಿ ಜಾತಿಯ ಮುಳ್ಳುಮರಗಳು. ಕಾರು ಅರ್ಧ ಕಿಲೋಮೀಟರ್ ಹೋದರೆ ಸಾಕು, ಹಕ್ಕಿಗಳ ಗುಂಪೇ ಬದಲಾಗಿರುತ್ತದೆ. ಎರಡು ನೆಲೆಗಳು ಕೂಡುವ ಅಂಚಿನಲ್ಲಿ ಎರಡೂ ಕಡೆಯವರು ಸಿಗುತ್ತಾರೆ. ನಮ್ಮಲ್ಲೂ ಹೊಲದ ನಟ್ಟನಡುವೆಗಿಂತ ಬದುವಿನಲ್ಲಿ ಹಕ್ಕಿ ಹೆಚ್ಚು. ನಿಲ್ಲಿಸುವುದಾದರೆ ಅಂಥಲ್ಲಿ ನಿಲ್ಲಿಸಿ.

ಇಲ್ಲಿ ಮೊದಲು ಕಣ್ಣಿಗೆ ಬೀಳುವುದು ನೇರಳೆ ಎದೆಯ ನೀಲಕಂಠ. ನಮ್ಮ ರಾಜ್ಯಪಕ್ಷಿಯ ಸೋದರಸಂಬಂಧಿ; ಮರದ ಒಣ ತುದಿಯಲ್ಲಿ ಕೂತು ಫೋಟೊಗೆ ಕಾಯುತ್ತಿರುತ್ತದೆ. ಕೆಂಪು ಕೊಕ್ಕಿನ ಪುಟ್ಟ ಮಂಗಟ್ಟೆಗಳಂತೂ ಬಿಡಾರದ ಅಂಗಳದಲ್ಲೇ ಓಡಾಡುತ್ತವೆ. ದಾಂಡೇಲಿಯ ಮಂಗಟ್ಟೆ ನೋಡಿದವರಿಗೆ ಇವುಗಳ ಸಂಸಾರ ಗೊತ್ತಿರುತ್ತದೆ: ಹೆಣ್ಣು ಮರದ ಪೊಟರೆ ಸೇರಿ ಬಾಯಿಯನ್ನು ಮುಚ್ಚಿಕೊಳ್ಳುತ್ತದೆ, ಕೊಕ್ಕು ತೂರುವಷ್ಟು ಸೀಳು ಬಿಟ್ಟು. ಗಂಡು ಹೊರಗಿನಿಂದ ಉಣಿಸುತ್ತದೆ. ಕ್ರೂಗರ್‌ನ ಈ ಪುಟ್ಟ ಮಂಗಟ್ಟೆಯಲ್ಲಿ ಹೆಣ್ಣು ನಡುವೆಯೇ ಗೋಡೆ ಒಡೆದು ಹೊರಬರುತ್ತದೆ, ಆಮೇಲೆ ಮರಿಗಳು ತಾವೇ ಆ ಬಾಯಿಯನ್ನು ಮತ್ತೆ ಮುಚ್ಚಿಕೊಳ್ಳುತ್ತವೆ. ಯಾರೂ ಕಲಿಸಿಕೊಡದ ಗಾರೆ ಕೆಲಸ.

ಜಿರಾಫೆಯನ್ನೋ ಇಂಪಾಲ ಜಿಂಕೆಯನ್ನೋ ನೋಡುವಾಗ ಅದರ ಕತ್ತಿನ ಮೇಲೂ ದುರ್ಬೀನು ಹಾಯಿಸಿ. ಮೈಗೆ ಕಚ್ಚಿಕೊಂಡ ಉಣ್ಣೆಹುಳ ಹೆಕ್ಕುವ ಕಂದು ಹಕ್ಕಿ ಇರುತ್ತದೆ, ಆಕ್ಸ್‌ಪೆಕರ್. ನಾನು ಕಂಡದ್ದು ಒಂದು ಜಿರಾಫೆಯ ಕಿವಿಯೊಳಕ್ಕೇ ತಲೆ ತೂರಿಸಿತ್ತು. ಕೊಕ್ಕನ್ನು ಕತ್ತರಿಯಂತೆ ಅಡ್ಡ ಆಡಿಸುತ್ತಾ ರೋಮದ ನಡುವೆ ಎಳೆಯುತ್ತದೆ, ಥೇಟ್ ಹೇನು ಬಾಚಣಿಗೆ. ಬಾಲದ ಗರಿ ಮರಕುಟಿಗನದ್ದರಂತೆ ಗಟ್ಟಿ. ಅದನ್ನು ಊರಿಕೊಂಡು ಹೊಟ್ಟೆಯ ಅಡಿಯಲ್ಲೂ ತಲೆಕೆಳಗಾಗಿ ನಡೆಯಬಲ್ಲದು. ಉಪಕಾರಿ ಎಂದೇ ಹೆಸರು, ಆದರೆ ಗಾಯ ಕಂಡರೆ ರಕ್ತವನ್ನೂ ಕುಡಿಯುತ್ತದೆ. ಇದರಲ್ಲಿ ಕೆಂಪು ಕೊಕ್ಕಿನದು, ಹಳದಿ ಕೊಕ್ಕಿನದು ಎಂದು ಎರಡು ಬಗೆ. ದನಗಳ ಉಣ್ಣೆಗೆಂದು ಆರ್ಸೆನಿಕ್ ಬೆರೆಸಿದ ನೀರಿನಲ್ಲಿ ಅವನ್ನು ಅದ್ದುವ ಪದ್ಧತಿ ಬಂದ ಮೇಲೆ, ಆ ಉಣ್ಣೆ ತಿಂದ ಹಳದಿ ಕೊಕ್ಕಿನದು ದಕ್ಷಿಣ ಆಫ್ರಿಕಾದಿಂದಲೇ ಮರೆಯಾಯಿತು. ಹಲವು ದಶಕ ಸುಳಿವಿರಲಿಲ್ಲ. 1979ರಲ್ಲಿ ಕ್ರೂಗರ್‌ನಲ್ಲಿ ಮತ್ತೆ ಕಾಣಿಸಿಕೊಂಡಿತು.

ಒಣ ತಿಂಗಳುಗಳಲ್ಲಿ ಈ ಕಾಡು ಅರ್ಧ ಗಂಟೆ ಖಾಲಿ ಅನ್ನಿಸಿ, ಒಮ್ಮೆಲೇ ಇಪ್ಪತ್ತು ಬಗೆಯ ಹಕ್ಕಿಗಳು ಒಂದೇ ಮರಕ್ಕೆ ಬಂದಿಳಿಯಬಹುದು. ಕಾಜಾಣ, ಮರಕುಟಿಗ, ಉಲಿಯಕ್ಕಿ ಎಲ್ಲ ಕೂಡಿ ಸಾಗುವ ಮಿಶ್ರ ಗುಂಪು ಇದು. ನಮ್ಮ ಮಲೆನಾಡಿನಲ್ಲೂ ಹೀಗೇ. ಹತ್ತು ಜೊತೆ ಕಣ್ಣಿದ್ದರೆ ಗಿಡುಗ ಬೇಗ ಕಾಣುತ್ತದೆ, ಒಬ್ಬ ಎಬ್ಬಿಸಿದ ಹುಳ ಇನ್ನೊಬ್ಬನಿಗೆ ಸಿಗುತ್ತದೆ. ಆದ್ದರಿಂದ ಒಂದು ಚಿಕ್ಕ ಹಕ್ಕಿ ಕಂಡ ಕೂಡಲೇ ಮುಂದೆ ಹೋಗಬೇಡಿ, ಅದರ ಹಿಂದೆ ಮೆರವಣಿಗೆ ಇರಬಹುದು.

ನೀರಿದ್ದಲ್ಲಿ

ಒಂದೇ ದಿನ ಇರುವವರಿಗೆ ನನ್ನ ಸಲಹೆ: ಲೋವರ್ ಸಾಬಿ ಬಿಡಾರದ ಪಕ್ಕದ ಸನ್‌ಸೆಟ್ ಡ್ಯಾಂ. ದೊಡ್ಡ ಕೆರೆಯೇನಲ್ಲ, ನಮ್ಮ ಊರ ಕೆರೆಯಷ್ಟೇ. ಆದರೆ ರಸ್ತೆ ನೀರಿನ ಅಂಚಿಗೇ ಬರುತ್ತದೆ. ಕಾರಿನಲ್ಲಿ ಕೂತಂತೆಯೇ ನೀರಾನೆ, ಮೊಸಳೆ, ಅವುಗಳ ನಡುವೆ ಹತ್ತಾರು ಹಕ್ಕಿ.

ಕೆರೆ ಒಂದೇ ನೆಲೆಯಂತೆ ಕಂಡರೂ ಒಳಗೆ ಪಾಲುಪಟ್ಟಿ ಆಗಿರುತ್ತದೆ. ಬೆರಳಾಳದ ಕೆಸರಿನಲ್ಲಿ ಪುಟ್ಟ ಗೊರವಗಳು. ಮೊಣಕಾಲಾಳದಲ್ಲಿ ಬಕ, ಬೆಳ್ಳಕ್ಕಿ. ಇನ್ನೂ ಆಳದಲ್ಲಿ ನಿಂತು ಮೀನು ಹಿಡಿಯುವುದು ಗೋಲಿಯಾತ್ ಬಕ, ಬಕಗಳಲ್ಲೇ ಜಗತ್ತಿನ ಅತಿ ದೊಡ್ಡದು. ತೇಲುವ ಎಲೆಗಳ ಮೇಲೆ ಆಫ್ರಿಕಾದ ದೇವನಕ್ಕಿ ನಡೆಯುತ್ತದೆ. ಅದರ ಕಾಲ್ಬೆರಳು ಎಷ್ಟು ಉದ್ದವೆಂದರೆ ಮೈತೂಕವೆಲ್ಲ ಹರಡಿಹೋಗಿ ಎಲೆ ಮುಳುಗುವುದಿಲ್ಲ. ಮರಿ ಸಾಕುವುದು ಗಂಡು. ಅಪಾಯ ಬಂದರೆ ಮರಿಗಳನ್ನು ರೆಕ್ಕೆಯಡಿ ಅವುಚಿಕೊಂಡು ಓಡುತ್ತದೆ, ಆಗ ಅಪ್ಪನ ಪಕ್ಕೆಯಿಂದ ಮರಿಗಳ ಉದ್ದ ಕಾಲುಗಳು ಮಾತ್ರ ನೇತಾಡುತ್ತಿರುತ್ತವೆ.

ಕಪ್ಪು ಬಿಳಿ ಮಿಂಚುಳ್ಳಿಯನ್ನು ಕಂಡರೆ ಹೊಸ ಹಕ್ಕಿ ಎಂದು ಬರೆದುಕೊಳ್ಳಬೇಡಿ. ರಂಗನತಿಟ್ಟಿನಲ್ಲಿ ನೀರಿನ ಮೇಲೆ ನಿಂತಲ್ಲೇ ರೆಕ್ಕೆ ಬಡಿಯುವುದೂ ಇದೇ ಜಾತಿ. ಬೂದು ಬಕ, ಮೆಟ್ಟುಗಾಲು ಹಕ್ಕಿ ಕೂಡ ಎರಡೂ ಕಡೆಯವು. ನೀರಿನ ಹಕ್ಕಿಗಳು ಹೀಗೆ ಖಂಡಗಳಾಚೆ ಹರಡಿಕೊಳ್ಳುವುದು ಸಾಮಾನ್ಯ, ಕೆರೆ ಎಲ್ಲಿದ್ದರೂ ಕೆರೆಯೇ. ಬಯಲಿನ ಹಕ್ಕಿಗೆ ಆ ಸೌಕರ್ಯವಿಲ್ಲ.

ಪೊದೆಯೊಂದು ಮರದ ಕವಲಿಗೆ ಸಿಕ್ಕಿಕೊಂಡಂತೆ ಕಂಡರೆ ಅದು ಹ್ಯಾಮರ್‌ಕಾಪ್ ಎಂಬ ಕಂದು ಹಕ್ಕಿಯ ಗೂಡು. ಹಕ್ಕಿ ಕಾಗೆಗಿಂತ ತುಸು ದೊಡ್ಡದು, ಗೂಡು ಮಾತ್ರ ಒಂದೂವರೆ ಮೀಟರ್ ಅಗಲ. ಸಾವಿರಾರು ಕಡ್ಡಿಗಳ ಆ ಚಾವಣಿ ಮನುಷ್ಯನ ಭಾರವನ್ನೂ ತಡೆದುಕೊಳ್ಳುತ್ತದೆ.

ಬಡಗಣ: ಮೋಪನೆ ಮತ್ತು ಪಾಫುರಿ

ಒಲಿಫಾಂಟ್ಸ್ ನದಿ ದಾಟಿ ಉತ್ತರಕ್ಕೆ ಹೋದರೆ ಮೋಪನೆ ಮರಗಳ ರಾಜ್ಯ. ಎಲೆ ಬಸವನಪಾದದ ಎಲೆಯಂತೆ ಎರಡು ಹೋಳು. ನಡುಹಗಲ ಬಿಸಿಲಿಗೆ ಹೋಳುಗಳನ್ನು ಮಡಚಿಕೊಳ್ಳುತ್ತದೆ. ನೆರಳಿಗೆಂದು ಕೆಳಗೆ ನಿಂತರೆ ನೆರಳೇ ಇರುವುದಿಲ್ಲ. ಒಂದೇ ಜಾತಿಯ ಮರ ಮೈಲುಗಟ್ಟಲೆ ಇದ್ದರೆ ಊಟದ ಬಗೆಯೂ ಒಂದೇ, ಹಕ್ಕಿಯೂ ಕಡಿಮೆ. ಇಲ್ಲಿ ಬೇಸರವಾದರೆ ಅದು ನಿಮ್ಮ ತಪ್ಪಲ್ಲ.

ಆದರೆ ಇದನ್ನು ದಾಟಿ ಪಾಫುರಿ ಮುಟ್ಟಿದರೆ ಲೋಕವೇ ಬೇರೆ. ಲುವುವ್ಹು ನದಿ ಲಿಂಪೊಪೊವನ್ನು ಸೇರುವ ಮೂಲೆ ಇದು. ನದಿಯ ಮೆಕ್ಕಲಿನಲ್ಲಿ ಅತ್ತಿಯ ಜಾತಿಯ ಭಾರೀ ಮರಗಳು, ಹಳದಿ ಹಸಿರು ತೊಗಟೆಯ ಜ್ವರದ ಮರಗಳು. ನೀರಿನ ಬಳಿ ಬೆಳೆಯುವ ಈ ಮರದ ಕೆಳಗೆ ಬಿಡಾರ ಹೂಡಿದವರಿಗೆ ಜ್ವರ ಬರುತ್ತಿತ್ತು, ಪಾಪ, ಮರಕ್ಕೆ ಆ ಹೆಸರು ಬಂತು. ಕಚ್ಚಿದ್ದು ಸೊಳ್ಳೆ. ಇದು ಉಷ್ಣವಲಯದ ಕಾಡಿನ ಒಂದು ಎಳೆ ನದಿಯ ಜೊತೆ ಕೆಳಗಿಳಿದು ಬಂದಂತೆ. ಹಾಗಾಗಿ ಉದ್ಯಾನದ ಬೇರೆಡೆ ಕಾಣುವುದು ಕಷ್ಟವಾದ ನಾರಿನಾ ಟ್ರೋಗನ್, ಕಹಳೆ ಮಂಗಟ್ಟೆ ಇಲ್ಲಿ ಸಿಗುತ್ತವೆ. ನಾರಿನಾ ಟ್ರೋಗನ್ ನಮ್ಮ ಪಶ್ಚಿಮ ಘಟ್ಟದ ಮಲಬಾರ್ ಟ್ರೋಗನ್ನಿನ ಕುಟುಂಬದ್ದು.

ನಾನು ಹುಡುಕಿಕೊಂಡು ಹೋದದ್ದು ಪೆಲ್ ಮೀನುಗೂಬೆಯನ್ನು. ಕೆಂಚು ಬೆಕ್ಕಿನ ಬಣ್ಣದ ದೊಡ್ಡ ಗೂಬೆ, ನದಿಗೆ ಬಾಗಿದ ಮರದಲ್ಲಿ ಹಗಲೆಲ್ಲ ಕೂತಿರುತ್ತದೆ. ಉಳಿದ ಗೂಬೆಗಳು ಸದ್ದಿಲ್ಲದೆ ಹಾರುತ್ತವೆ, ಅವುಗಳ ಗರಿಯಂಚಿನ ಮೆತ್ತನೆಯ ಜಾಲರು ಗಾಳಿಯ ಸದ್ದನ್ನು ನುಂಗುತ್ತದೆ. ಮೀನುಗೂಬೆಗೆ ಆ ಜಾಲರು ಇಲ್ಲ. ನೀರಿನೊಳಗಿನ ಮೀನಿಗೆ ರೆಕ್ಕೆಯ ಸದ್ದು ಕೇಳುವುದಿಲ್ಲವಲ್ಲ, ಮತ್ತೇಕೆ ಬೇಕು? ಕಾಲಿಗೂ ಗರಿಯಿಲ್ಲ, ಒದ್ದೆಯಾಗುವ ರಗಳೆ ಬೇಡವೆಂದು. ನಮ್ಮ ಕಂದು ಮೀನುಗೂಬೆಯದೂ ಇದೇ ಉಪಾಯ. ಇಷ್ಟೆಲ್ಲ ಓದಿಕೊಂಡು ಹೋಗಿ ಎರಡು ದಿನ ಕತ್ತು ನೋಯಿಸಿಕೊಂಡೆ, ಸಿಗಲಿಲ್ಲ.

ಬಂದು ಹೋಗುವವರು

ದಕ್ಷಿಣಾರ್ಧಗೋಳದಲ್ಲಿ ಕಾಲ ತಿರುಗುಮುರುಗು. ಅಕ್ಟೋಬರಿನಿಂದ ಮಾರ್ಚ್‌ವರೆಗೆ ಅಲ್ಲಿ ಬೇಸಿಗೆ, ಮಳೆಯೂ ಆಗಲೇ. ಮಳೆ ಬಿದ್ದರೆ ಹುಳ. ಹುಳ ಇದ್ದರೆ ವಲಸಿಗರು. ವಲಸೆ ಎರಡು ಬಗೆ. ಯುರೋಪು ಏಷ್ಯಾಗಳಿಂದ ಚಳಿ ತಪ್ಪಿಸಿಕೊಂಡು ಬರುವವರು ಒಂದು. ಆಫ್ರಿಕಾ ಖಂಡದೊಳಗೇ ಮಳೆಯ ಹಿಂದೆ ಓಡಾಡುವವರು ಇನ್ನೊಂದು.

ಎರಡನೇ ಬಗೆಗೆ ಒಳ್ಳೆಯ ಉದಾಹರಣೆ ಕಾಡು ಮಿಂಚುಳ್ಳಿ. ನವೆಂಬರ್ ಹೊತ್ತಿಗೆ ಬಂದು ಇಡೀ ಉದ್ಯಾನವನ್ನು ಸದ್ದಿನಿಂದ ತುಂಬಿಸುತ್ತದೆ: "ಟ್ರಿಪ್" ಎಂದು ಒಮ್ಮೆ, ಆಮೇಲೆ ಇಳಿಯುತ್ತಾ ಹೋಗುವ ಉದ್ದ ಗಿರಗಿರ. ಮಿಂಚುಳ್ಳಿಯಾದರೂ ಮೀನು ಹಿಡಿಯುವುದಿಲ್ಲ, ಮಿಡತೆ ಹಿಡಿಯುತ್ತದೆ. ನಮ್ಮ ಗದ್ದೆ ಮಿಂಚುಳ್ಳಿ ನೀರಿಲ್ಲದ ಕಡೆ ತಂತಿಯ ಮೇಲೆ ಕೂತಿರುತ್ತದಲ್ಲ, ಅದೇ ಕುಲ.

ಮೊದಲ ಬಗೆಯಲ್ಲಿ ನಮಗೆ ಹತ್ತಿರದ್ದು ಅಮುರ್ ಚಾಣ. ಪಾರಿವಾಳಕ್ಕಿಂತ ಚಿಕ್ಕದಾದ ಈ ಬೇಟೆ ಹಕ್ಕಿ ಸೈಬೀರಿಯಾದ ಆಗ್ನೇಯ ಅಂಚು, ಉತ್ತರ ಚೀನಾದಲ್ಲಿ ಮರಿ ಮಾಡಿ, ನಾಗಾಲ್ಯಾಂಡಿಗೆ ಬಂದು ಮೈಗೂಡಿಸಿಕೊಂಡು, ಭಾರತದ ಪರ್ಯಾಯದ್ವೀಪ ದಾಟಿ, ಅರಬ್ಬಿ ಸಮುದ್ರವನ್ನು ನಿಲ್ಲದೆ ಹಾರಿ ಆಫ್ರಿಕಾ ಸೇರುತ್ತದೆ. 2012ರಲ್ಲಿ ನಾಗಾಲ್ಯಾಂಡಿನ ದೊಯಾಂಗ್ ಜಲಾಶಯದ ಬಳಿ ಬಲೆ ಹಾಕಿ ಇವನ್ನು ಸಾವಿರಗಟ್ಟಲೆ ಹಿಡಿಯುತ್ತಿದ್ದ ಸುದ್ದಿ ಹೊರಬಿತ್ತು. ಮರುವರ್ಷ ಊರವರೇ ಬೇಟೆ ನಿಲ್ಲಿಸಿದರು. 2013ರಲ್ಲಿ ಅಲ್ಲಿಂದಲೇ ಕೆಲವಕ್ಕೆ ಉಪಗ್ರಹ ಟ್ಯಾಗ್ ಕಟ್ಟಿದ್ದರಿಂದ ದಾರಿ ಖಚಿತವಾಗಿ ತಿಳಿಯಿತು. ದಕ್ಷಿಣ ಆಫ್ರಿಕಾದಲ್ಲಿ ಮಳೆ ಬಿದ್ದ ಸಂಜೆ ರೆಕ್ಕೆ ಬಂದ ಗೆದ್ದಲು ಎದ್ದಾಗ, ನಾವು ಈಚಲು ಎನ್ನುತ್ತೇವಲ್ಲ, ಅವನ್ನು ಗಾಳಿಯಲ್ಲೇ ಹಿಡಿದು ತಿನ್ನುತ್ತವೆ.

ಚಾತಕವೂ ಬೇಸಿಗೆಯಲ್ಲಿ ಕ್ರೂಗರ್‌ಗೆ ಬರುತ್ತದೆ. ಮುಂಗಾರಿನ ಜೊತೆ ಉತ್ತರ ಭಾರತಕ್ಕೆ ಆಫ್ರಿಕಾದಿಂದ ಬರುವ ಚಾತಕವೇ ಇದು ಎಂದು ಅಲ್ಲಿ ಒಬ್ಬರು ನನಗೆ ಹೇಳಿದ್ದರು. ಅಷ್ಟು ಸರಳವಲ್ಲ. ಜಾತಿ ಒಂದೇ, ಒಳತಳಿ ಬೇರೆ. ದಕ್ಷಿಣ ಭಾರತದಲ್ಲಿ ನೆಲೆಸಿರುವ ಮೂರನೆಯದೊಂದು ಒಳತಳಿಯೂ ಉಂಟು. ಇಲ್ಲಿ ಹರಟೆಮಲ್ಲ ಹಕ್ಕಿಯ ಗೂಡಿನಲ್ಲಿ ಕದ್ದು ಮೊಟ್ಟೆ ಇಡುತ್ತದೆ, ಅಲ್ಲಿ ಹೆಚ್ಚಾಗಿ ಪಿಕಳಾರದ ಗೂಡಿನಲ್ಲಿ. ಕಳ್ಳತನ ಒಂದೇ, ಮನೆ ಬೇರೆ.

"ದೊಡ್ಡ ಆರು" ಎಂದರೆ ಯಾರು?

ಸಿಂಹ, ಚಿರತೆ, ಆನೆ, ಕಾಡೆಮ್ಮೆ, ಖಡ್ಗಮೃಗಗಳ "ದೊಡ್ಡ ಐದು" ಎಲ್ಲರ ಬಾಯಲ್ಲಿದೆ. ಹಕ್ಕಿ ನೋಡುವವರಿಗೆ ಕ್ರೂಗರ್‌ನಲ್ಲಿ "ದೊಡ್ಡ ಆರು" ಇವೆ: ಕೋರಿ ಬಸ್ಟರ್ಡ್, ಮಾರ್ಷಲ್ ಹದ್ದು, ಲ್ಯಾಪೆಟ್ ಮೊಗದ ರಣಹದ್ದು, ಜೀನು ಕೊಕ್ಕಿನ ಕೊಕ್ಕರೆ, ಪೆಲ್ ಮೀನುಗೂಬೆ ಮತ್ತು ನೆಲ ಮಂಗಟ್ಟೆ. ಬರೀ ಗಾತ್ರಕ್ಕಾಗಿ ಆರಿಸಿದ ಪಟ್ಟಿಯಲ್ಲ. ದೊಡ್ಡ ಹಕ್ಕಿಗೆ ದೊಡ್ಡ ಜಾಗ ಬೇಕು. ಬೇಲಿ, ಹೊಲ, ವಿದ್ಯುತ್ ತಂತಿ ಬಂದ ಕಡೆ ಮೊದಲು ಇಲ್ಲವಾಗುವವು ಇಂಥವೇ. ರಕ್ಷಿತ ಕಾಡಿನ ಹೊರಗೆ ಇವನ್ನು ಕಾಣುವುದು ದಿನದಿನಕ್ಕೂ ಕಷ್ಟವಾಗುತ್ತಿದೆ.

ನೆಲ ಮಂಗಟ್ಟೆಯ ಲೆಕ್ಕ ನೋಡಿದರೆ ಇದು ಅರ್ಥವಾಗುತ್ತದೆ. ಟರ್ಕಿ ಕೋಳಿಯ ಗಾತ್ರ, ಕಡುಗಪ್ಪು ಮೈ, ಕೆಂಪು ಚರ್ಮದ ಮುಖ. ಹೆಣ್ಣಿಗೆ ಗಂಟಲಲ್ಲಿ ನೀಲಿ ಮಚ್ಚೆ. ನಾಲ್ಕೈದು ಸೇರಿ ರಸ್ತೆಯಲ್ಲಿ ನಡೆದು ಬರುತ್ತವೆ. ಗುಂಪಿಗೆ ಸುಮಾರು 100 ಚದರ ಕಿಲೋಮೀಟರ್ ಬೇಕು. ಗುಂಪಿನಲ್ಲಿ ಮೊಟ್ಟೆ ಇಡುವುದು ಒಂದೇ ಜೋಡಿ, ಮಿಕ್ಕವರು ಚಾಕರಿಗೆ. ಸಾಮಾನ್ಯವಾಗಿ ಎರಡು ಮೊಟ್ಟೆ. ಕೆಲವು ದಿನ ತಡವಾಗಿ ಒಡೆದ ಎರಡನೇ ಮರಿ ಊಟ ಸಿಗದೆ ಸಾಯುತ್ತದೆ. ಒಂದು ಗುಂಪು ದೊಡ್ಡದು ಮಾಡುವುದು ಸರಾಸರಿ ಒಂಬತ್ತು ವರ್ಷಕ್ಕೆ ಒಂದು ಮರಿ. ಅದಕ್ಕೇ ದಕ್ಷಿಣ ಆಫ್ರಿಕಾದಲ್ಲಿ ಆ ಎರಡನೇ ಮರಿಯನ್ನು ಗೂಡಿನಿಂದ ತಂದು ಕೈಯಲ್ಲಿ ಸಾಕಿ, ದೊಡ್ಡದಾದ ಮೇಲೆ ಕಾಡಿಗೆ ಬಿಡುವ ಕೆಲಸ ನಡೆದಿದೆ. ಬೆಳಕು ಹರಿಯುವ ಮುನ್ನ ದೂರದಲ್ಲಿ ಡೋಲು ಬಾರಿಸಿದಂತೆ ಕೇಳಿದರೆ ಅದು ಇವುಗಳದೇ ದನಿ. ಸಿಂಹವೆಂದು ಎದ್ದು ಕೂತವರಲ್ಲಿ ನನ್ನ ಗೆಳೆಯನೂ ಒಬ್ಬ.

ರಣಹದ್ದುಗಳ ಕತೆ ಬೇರೆ. ಹೆಣದ ಮುಂದೆ ಇವುಗಳ ಪಂಕ್ತಿ ನೋಡಬೇಕು. ದಪ್ಪ ಚರ್ಮ ಸೀಳಲು ಲ್ಯಾಪೆಟ್ ಮೊಗದ ರಣಹದ್ದೇ ಬರಬೇಕು, ಅದರ ಕೊಕ್ಕಿಗೆ ಆ ಶಕ್ತಿ. ಬಿಳಿಬೆನ್ನಿನವು ಉದ್ದ ಕತ್ತನ್ನು ಒಳಕ್ಕೆ ತೂರಿಸಿ ಮೆತ್ತನೆ ಮಾಂಸ ತಿನ್ನುತ್ತವೆ. ಟೊಪ್ಪಿಗೆಯದ್ದು ಕೊನೆಗೆ ಬಂದು ಚೂರುಪಾರು ಹೆಕ್ಕುತ್ತದೆ. ನಮ್ಮಲ್ಲಿ ರಣಹದ್ದು ಸತ್ತದ್ದು ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಔಷಧದಿಂದ. ಹೆಣ ತಿಂದ ಹಕ್ಕಿಯ ಮೂತ್ರಪಿಂಡ ಕೆಡುತ್ತಿತ್ತು. ಪಶುಗಳಿಗೆ ಅದನ್ನು ಭಾರತ 2006ರಲ್ಲಿ ನಿಷೇಧಿಸುವ ಹೊತ್ತಿಗೆ ಕೆಲವು ಜಾತಿಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಅಳಿದಿದ್ದವು. ರಾಮನಗರದ ರಾಮದೇವರಬೆಟ್ಟದಲ್ಲಿ ಉಳಿದವಕ್ಕಾಗಿ 2012ರಲ್ಲಿ ಧಾಮ ಮಾಡಬೇಕಾಯಿತು. ಆಫ್ರಿಕಾದಲ್ಲಿ ಕಾರಣ ಹಲವು, ಅದರಲ್ಲಿ ಒಂದು ಬೇಕೆಂದೇ ಇಡುವ ವಿಷ. ಆನೆ ಕೊಂದವರಿಗೆ ಆಕಾಶದಲ್ಲಿ ಸುತ್ತುವ ರಣಹದ್ದು ಪೊಲೀಸಿದ್ದಂತೆ, ಎಲ್ಲಿ ಹೆಣವಿದೆ ಎಂದು ಅರಣ್ಯ ಸಿಬ್ಬಂದಿಗೆ ತೋರಿಸಿಬಿಡುತ್ತದೆ. ಹಾಗಾಗಿ ಹೆಣಕ್ಕೇ ಕೀಟನಾಶಕ ಹಾಕುತ್ತಾರೆ. 2025ರ ಮೇ ತಿಂಗಳಲ್ಲಿ ಕ್ರೂಗರ್‌ನಲ್ಲಿ ವಿಷ ಹಾಕಿದ ಒಂದು ಆನೆಯ ಕಳೇಬರದ ಸುತ್ತ 123 ರಣಹದ್ದುಗಳು ಸತ್ತುಬಿದ್ದವು. ಎಂಬತ್ತಕ್ಕೂ ಹೆಚ್ಚು ಹಕ್ಕಿಗಳನ್ನು ಚಿಕಿತ್ಸೆ ಕೊಟ್ಟು ಉಳಿಸಲಾಯಿತು.

ಕೈಯಲ್ಲಿ ಏನಿರಬೇಕು, ಯಾವಾಗ ಹೋಗಬೇಕು

ದುರ್ಬೀನಿನ ಮೇಲೆ 8×42 ಎಂದು ಬರೆದಿರುತ್ತದೆ. 8 ಎಂದರೆ ಎಂಟು ಪಟ್ಟು ಹತ್ತಿರ ಕಾಣುತ್ತದೆ ಎಂದು. 42 ಎಂದರೆ ಮುಂದಿನ ಗಾಜಿನ ಅಡ್ಡಳತೆ, ಮಿಲಿಮೀಟರಿನಲ್ಲಿ. ಪಾತ್ರೆಯ ಬಾಯಿ ಅಗಲವಾದಷ್ಟೂ ಮಳೆನೀರು ಹೆಚ್ಚು ತುಂಬುವಂತೆ, ಗಾಜು ಅಗಲವಾದಷ್ಟೂ ಬೆಳಕು ಹೆಚ್ಚು. ಹಕ್ಕಿ ಚುರುಕಾಗಿರುವುದು ಬೆಳಕು ಕಡಿಮೆ ಇರುವ ಬೆಳಗ್ಗೆ ಸಂಜೆ, ಆದ್ದರಿಂದ ಇದು ಮುಖ್ಯ. 10 ಪಟ್ಟಿನದು ಇನ್ನೂ ಚೆನ್ನಲ್ಲವೇ ಎಂದರೆ, ಹಕ್ಕಿಯ ಜೊತೆ ಕೈನಡುಕವೂ ಹತ್ತು ಪಟ್ಟಾಗುತ್ತದೆ. 8 ಸಾಕು.

ಚಿಕ್ಕ ಪಟ್ಟಿ, ದೊಡ್ಡ ಪಟ್ಟಿ ಯಾವುದು ಬೇಕು ಎಂಬುದರ ಮೇಲೆ ಕಾಲ. ಡಿಸೆಂಬರ್, ಜನವರಿಯಲ್ಲಿ ವಲಸಿಗರೆಲ್ಲ ಇರುತ್ತಾರೆ, ಗೀಜಗಗಳು ಗೂಡು ಕಟ್ಟುತ್ತಿರುತ್ತವೆ. ಆದರೆ ಎಲೆ ದಟ್ಟ, ಸೆಕೆ, ಮಲೇರಿಯಾದ ಭಯವೂ ಹೆಚ್ಚು, ವೈದ್ಯರನ್ನು ಕೇಳಿಕೊಂಡೇ ಹೊರಡಿ. ಜೂನ್‌ನಿಂದ ಆಗಸ್ಟ್ ಒಣಗಾಲ. ಪಟ್ಟಿ ಚಿಕ್ಕದಾಗುತ್ತದೆ, ಎಲೆ ಉದುರಿದ್ದರಿಂದ ಇರುವವು ಸುಲಭವಾಗಿ ಕಾಣುತ್ತವೆ, ನೀರಿನ ಹೊಂಡಗಳ ಬಳಿ ಪ್ರಾಣಿಗಳೂ ಸಿಗುತ್ತವೆ. ಮನೆಮಂದಿ ಸಿಂಹ ಬೇಕು ಎನ್ನುವವರಾದರೆ ಈ ಕಾಲವೇ ಲೇಸು.

ಸ್ವಂತ ಕಾರಿನಲ್ಲೇ ಸುತ್ತಬಹುದು. ಡಾಂಬರು ರಸ್ತೆಯಲ್ಲಿ ಗಂಟೆಗೆ 50 ಕಿ.ಮೀ., ಮಣ್ಣುರಸ್ತೆಯಲ್ಲಿ 40 ಮಿತಿ; ಹಕ್ಕಿ ನೋಡುವವರಿಗೆ 20 ಕೂಡ ಜಾಸ್ತಿ. ಗೊತ್ತುಮಾಡಿದ ಜಾಗಗಳಲ್ಲಿ ಬಿಟ್ಟು ಬೇರೆಲ್ಲೂ ಕಾರಿನಿಂದ ಇಳಿಯುವಂತಿಲ್ಲ. ಇದು ತೊಂದರೆ ಅನ್ನಿಸಿದರೂ ಅನುಕೂಲವೇ, ಹಕ್ಕಿಗಳಿಗೆ ಮನುಷ್ಯನ ಆಕಾರ ಕಂಡರೆ ಭಯ, ಕಾರು ಕಂಡರೆ ಅಷ್ಟಿಲ್ಲ. ಎಂಜಿನ್ ಆರಿಸಿ ಐದು ನಿಮಿಷ ಸುಮ್ಮನೆ ಕೂರಿ. ಕಾರಿನಿಂದ ಇಳಿದು ಆರಾಮವಾಗಿ ಕೂತು ನೋಡಬೇಕೆಂದರೆ ಸ್ಕುಕುಜಾ ಬಿಡಾರದ ಬಳಿ ಲೇಕ್ ಪ್ಯಾನಿಕ್ ಎಂಬ ಕೆರೆಗೆ ಕಟ್ಟಿದ ಮರದ ಮರೆಗೂಡಿದೆ. ಬಿಡಾರದ ಬೇಲಿಯೊಳಗೂ ನಡೆದಾಡಬಹುದು. ನನ್ನ ಪಟ್ಟಿಯ ಕಾಲುಭಾಗ ಬಿಡಾರದ ಮರಗಳಿಂದಲೇ ಬಂತು.

ಕ್ಯಾಮೆರಾದ ಉದ್ದ ಲೆನ್ಸನ್ನು ಕಾರಿನ ಕಿಟಕಿಯ ಮೇಲೆ ಊರಲು ಮೆತ್ತೆ ಬೇಕಾಗುತ್ತದೆ. ವಿಮಾನದಲ್ಲಿ ಭಾರ ಹೊರುವುದೇಕೆಂದು ಖಾಲಿ ಬಟ್ಟೆಚೀಲ ಒಯ್ದು, ಅಲ್ಲಿನ ಅಂಗಡಿಯಲ್ಲಿ ಎರಡು ಕಿಲೋ ಅಕ್ಕಿ ಕೊಂಡು ತುಂಬಿ ಬಾಯಿ ಹೊಲಿದೆವು. ಎಂಟು ದಿನ ಲೆನ್ಸು ಅದರ ಮೇಲೆಯೇ ಇತ್ತು. ಕೊನೆಯ ರಾತ್ರಿ ಗೆಳೆಯ ಹೊಲಿಗೆ ಬಿಚ್ಚಿ, ಅಕ್ಕಿ ತೊಳೆದು, ಬಿಡಾರದ ಒಲೆಯ ಮೇಲಿಟ್ಟ. ಅನ್ನಕ್ಕೆ ಊರಿಂದ ತಂದಿದ್ದ ಶೇಂಗಾ ಚಟ್ನಿಪುಡಿ.